ಬೇಕರಿ ಚೀಲದೊಳಗಿನ ಬೇರೆ ಬ್ರೆಡ್

ಐರ್ಲೆಂಡಿನ ನಮ್ಮ ಟ್ಯೂಮ್ ಊರಿನಲ್ಲಿ ಅಟ್ರಾಕ್ಟ ಮ್ಯಾನಿಯನ್‌ಳ ಕೈಗೆ ತಲೆ ಕೊಡದ ಹೆಂಗಸು ಯಾರಾದರೂ ಇದ್ದರೆ ತೋರಿಸಿ, ನೋಡೋಣ. ಮೂವತ್ತೈದು ವರ್ಷದಿಂದ ಔಷಧಿ ಅಂಗಡಿಯ ಮಗ್ಗುಲಲ್ಲೇ ಅವಳ ಪಾರ್ಲರು. ಕೂದಲು ತೊಳೆಯುತ್ತಾ ತೊಳೆಯುತ್ತಾ ಯಾರು ಬಸುರಿ, ಯಾರ ಗಂಡನ ಕುಡಿತ ಜಾಸ್ತಿಯಾಯಿತು, ಯಾರಿಗೆ ನಿದ್ದೆಯಿಲ್ಲ, ಎಲ್ಲವೂ ಅವಳ ಬೆರಳಿಗೆ ತಿಳಿದುಬಿಡುತ್ತದೆ. ಬೆರಳಿಗೆ ತಿಳಿದದ್ದು ಬಾಯಿಗೆ ಬರಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಅದೂ ನಿಜವೇ. ಅಂಥವಳು ಒಂದು ಗುಟ್ಟನ್ನು ಒಂಬತ್ತು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಇಟ್ಟುಕೊಂಡಿದ್ದಳು ಮಹಾತಾಯಿ. ಮಾತಾಡಬೇಕಾದ ಕಡೆ ಮಾತ್ರ ಬಾಯಿ ಬಿಡಲಿಲ್ಲ.

ಅಟ್ರಾಕ್ಟಳ ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಧಾನ್ಯ, ಇವುಗಳಲ್ಲಿ ಗ್ಲುಟನ್ ಅನ್ನುವ ಒಂದು ಅಂಟು ಇರುತ್ತದಲ್ಲ, ಅದು ಒಂದು ಚೂರು ಒಳಗೆ ಹೋದರೂ ಕರುಳು ಕೆರಳಿ ತನ್ನನ್ನು ತಾನೇ ಹಾಳುಮಾಡಿಕೊಳ್ಳುತ್ತದೆ. ಅದಕ್ಕೆ ಮದ್ದಿಲ್ಲ. ಇರುವ ತನಕ ಬಾಯಿ ಕಟ್ಟಬೇಕು. ಗಾಲ್ವೇ ಸೀಮೆಯಲ್ಲಿ ಈಗ ಇದು ಯಾರಿಗೂ ಹೊಸದಲ್ಲ, ಹೋಟೆಲಿನ ಹುಡುಗಿಯರಿಗೂ ಬಾಯಿಪಾಠ. ಆದರೆ ಅಟ್ರಾಕ್ಟಳಿಗೆ ಗೊತ್ತಾಗುವಷ್ಟರಲ್ಲಿ ನಲವತ್ತು ತುಂಬಿತ್ತು. ಅಷ್ಟರೊಳಗೆ ಒಂದು ಹೆತ್ತಿದ್ದಳು, ಮೂರು ಬಸಿರಿನಲ್ಲೇ ಕಳೆದುಕೊಂಡಿದ್ದಳು. "ಬಹುಶಃ ಇದರಿಂದಲೇ ಇರಬೇಕಮ್ಮ" ಎಂದು ಡಾಕ್ಟರು ಹೇಳಿದ ದಿನ ಅವಳು ಕಾರಿನಲ್ಲಿ ಕೂತು ಒಂದು ಗಂಟೆ ಅತ್ತು, ಮುಖ ತೊಳೆದುಕೊಂಡು, ಎರಡೂವರೆಗೆ ಬರಬೇಕಿದ್ದ ಗಿರಾಕಿಗೆ ಕೂದಲು ಕತ್ತರಿಸಿದಳು.

ಆ ಒಂದೇ ಹೆತ್ತದ್ದು ಫಿನೂಲ. ಅಮ್ಮನಿಗೆ ರೋಗ ಗೊತ್ತಾದಾಗ ಹದಿನಾಲ್ಕರ ಹುಡುಗಿ. ಅಲ್ಲಿಂದಾಚೆಗೆ ಆ ಹುಡುಗಿಯ ಪಾಡು ಯಾರಿಗೂ ಬೇಡ. ಹೋಟೆಲಿಗೆ ಹೋದರೆ ಅಮ್ಮ ಅಡುಗೆಮನೆಯ ಬಾಗಿಲಿಗೇ ಹೋಗಿ ನಿಂತು, ಸಾಸಿಗೆ ಏನು ಹಾಕಿದ್ದೀರಿ, ಎಣ್ಣೆ ಯಾವುದು, ಆ ಬಾಣಲೆಯಲ್ಲಿ ಮೊದಲು ಏನು ಕರಿದಿರಿ ಎಂದು ಪೋಲೀಸರ ಹಾಗೆ ವಿಚಾರಣೆ ಮಾಡುವಳು. ಮಗಳ ಪರೀಕ್ಷೆಯ ಫಲಿತಾಂಶ ಬಂದ ದಿನ ಗೆಳತಿಯರೆಲ್ಲ ಸೇರಿ ಊಟಕ್ಕೆ ಕೂತಿದ್ದಾಗ, ಅಡುಗೆಯವನಿಂದ ಹಿಟ್ಟಿನ ಪೊಟ್ಟಣವನ್ನೇ ತರಿಸಿ ಮೇಜಿನ ಮೇಲಿಟ್ಟು ಓದಿದ್ದಳು. ಹುಡುಗಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ಅಮ್ಮನ ಕಾಯಿಲೆ ಎಂದರೆ ಆಕೆಗೆ ಅಂದಿನಿಂದ ಮೈ ಉರಿ.

ಈಗ ಫಿನೂಲಳಿಗೆ ಮೂವತ್ತೇಳು. ಹತ್ತಿರದ ಅಥೆನ್ರೈ ಊರಿನಲ್ಲಿ ಸ್ಕೂಲ್ ಟೀಚರು, ಗಂಡ ಡೆಕ್ಲನ್ ಬಡಗಿ, ಒಳ್ಳೆಯ ಜೀವ. ಮೂರು ವರ್ಷದಲ್ಲಿ ಎರಡು ಬಸಿರು ನಿಂತು ಎರಡೂ ಹೋದವು. ಕಳೆದ ಕ್ರಿಸ್ಮಸ್ಸಿನ ಹಿಂದಿನ ದಿನ ಅವಳು ತವರಿಗೆ ಬಂದು, "ಅಮ್ಮ, ತಲೆ ತೊಳೆದುಕೊಡು" ಎಂದು ಕೂತಳು. ಅಟ್ರಾಕ್ಟ ನೊರೆಯಲ್ಲಿ ಕೈಯಾಡಿಸಿದಳು. ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು. ತಿರುಗಿ ಮುಖ ನೋಡಿದರೆ ಬಿಳುಚಿಕೊಂಡ ತುಟಿ, ತುಟಿಯ ಒಳಗೆ ಹುಣ್ಣು. ಇಪ್ಪತ್ತಮೂರು ವರ್ಷದ ಹಿಂದೆ ಕನ್ನಡಿಯಲ್ಲಿ ತಾನು ನೋಡಿದ ಮುಖವೇ ಅದು. ಅಟ್ರಾಕ್ಟ ನಲ್ಲಿ ನಿಲ್ಲಿಸಿದಳು.

"ಫಿನೂಲ, ನಿನಗೂ ನಂದೇ ಇದೆ ಕಣೇ. ಒಂದ್ಸಲ ಪರೀಕ್ಷೆ ಮಾಡಿಸ್ಕೋ."

"ಶುರು ಮಾಡಿದೆಯಾ? ನಿಂಗಿದೆ ಅಂತ ಊರಿಗೆಲ್ಲ ಇರಬೇಕಾ?"

"ಊರಿಗಲ್ಲವೇ. ನಿಂಗೆ. ಇದು ರಕ್ತದಲ್ಲೇ ಬರೋದು. ಆ ಎರಡು ಮಕ್ಕಳೂ ಇದರಿಂದ್ಲೇ..."

"ಅಮ್ಮ!" ಫಿನೂಲ ಒದ್ದೆ ತಲೆಯಲ್ಲೇ ಎದ್ದು ನಿಂತಳು. "ಆ ಮಾತು ಎತ್ತಬೇಡ. ಎತ್ತಿದ್ರೆ ನಾನು ಈ ಬಾಗಿಲಿಗೆ ಬರಲ್ಲ."

ಒದ್ದೆ ತಲೆಯಲ್ಲೇ ಹೋದಳು. ಐದು ತಿಂಗಳು ಬರಲಿಲ್ಲ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಎರಡು ಸಾಲು ಬರೆದು ಕಳಿಸುತ್ತಿದ್ದಳು, ಅಷ್ಟೆ. ಅಟ್ರಾಕ್ಟ ತನ್ನ ನಾಲಿಗೆಯನ್ನು ತಾನೇ ಶಪಿಸಿಕೊಂಡಳು. ನಾನು ಹೇಳದೇ ಇದ್ದಿದ್ದರೆ ಯಾವತ್ತಾದರೂ ತಾನಾಗಿಯೇ ಡಾಕ್ಟರ ಹತ್ತಿರ ಹೋಗುತ್ತಿದ್ದಳೇನೋ, ಈಗ ನನ್ನ ಮೇಲಿನ ಹಟಕ್ಕೇ ಹೋಗುವುದಿಲ್ಲ, ಎಂದು ಗಂಡನಿಲ್ಲದ ಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು. ಮಗಳ ವಯಸ್ಸನ್ನು ಬೆರಳಲ್ಲಿ ಎಣಿಸುವಳು. ಮೂವತ್ತೇಳು. ಇನ್ನೆಷ್ಟು ಕಾಲ ಉಳಿದಿದೆ? ತನಗಾದದ್ದೇ ಇವಳಿಗೂ ಆಗಬೇಕೇ?

ಜೂನ್ ತಿಂಗಳಲ್ಲಿ ಒಂದು ದಿನ ಫಿನೂಲಳದ್ದೇ ಫೋನು ಬಂತು.

"ಅಮ್ಮ, ಸ್ಕೂಲಿಗೆ ರಜ. ಇಟಲಿಗೆ ಹೋಗಿ ಬರೋಣ್ವಾ? ನಾವಿಬ್ರೇ, ಹತ್ತು ದಿನ. ಡೆಕ್ಲನ್‌ಗೆ ಕೆಲಸ ಇದೆ. ಸರೋವರದ ದಡದಲ್ಲಿ ಒಂದು ಮನೆ ನೋಡಿದೀನಿ."

"ಇಟಲಿನಾ? ಅಲ್ಲಿ ಬರೀ ಪಾಸ್ತಾ, ಪಿಜ್ಜಾ ತಾನೇ?"

"ಅದಕ್ಕೇ ಹೋಗ್ತಿರೋದು. ಒಂದೇ ಷರತ್ತು. ನನ್ನ ಹೊಟ್ಟೆ ವಿಷಯ ಬಾಯಿ ಬಿಡಬಾರದು."

"ಇಲ್ಲಮ್ಮ. ಬಾಯಿಗೆ ಬೀಗ."

ಬಾಯಿಗೆ ಬೀಗವಂತೆ! ನಾವು ಆಗಲೇ ನಗಬೇಕಿತ್ತು.

ನಾಕ್ ವಿಮಾನ ನಿಲ್ದಾಣದಲ್ಲಿ ಅಟ್ರಾಕ್ಟಳ ಪೆಟ್ಟಿಗೆಯನ್ನು ಬಿಚ್ಚಿಸಿದರು. ಒಳಗೆ ಪಾಸ್ತಾ ಬಸಿಯುವ ತೂತಿನ ಪಾತ್ರೆ, ಎರಡು ಮರದ ಸೌಟು, ಒಂದು ಬಾಣಲೆ, ಆರು ಪೊಟ್ಟಣ ಓಟ್ಸ್ ಬಿಸ್ಕತ್ತು. ಬೇರೆಯವರ ಮನೆಯ ತೂತಿನ ಪಾತ್ರೆಯನ್ನು ಎಷ್ಟು ತಿಕ್ಕಿದರೂ ತೂತಿನಲ್ಲಿ ಗೋಧಿ ಉಳಿದಿರುತ್ತದೆ ಎಂಬುದು ಅವಳ ಅನುಭವ, ಬರೀ ಅನುಮಾನವಲ್ಲ. ತಪಾಸಣೆಯವನು ಪಾತ್ರೆಯನ್ನೆತ್ತಿ, "ಏನ್ರೀ ತಾಯಿ, ಇದನ್ನ ತಲೆಗೆ ಹಾಕ್ಕೊಂಡು ಯುದ್ಧಕ್ಕೆ ಹೊರಟ್ರಾ?" ಎಂದ. "ಹೌದಪ್ಪ, ಇಟಲಿ ಮೇಲೆ" ಎಂದಳು ಅಟ್ರಾಕ್ಟ. ಫಿನೂಲ ಮುಖ ಆ ಕಡೆ ತಿರುಗಿಸಿದಳು. ಆದರೆ ಭುಜ ಅಲುಗುತ್ತಿತ್ತು, ನಗುತ್ತಿದ್ದಳು. ಅಟ್ರಾಕ್ಟಳಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು.

ಪಾಸಿನ್ಯಾನೋ ಎಂಬ ಪುಟ್ಟ ಊರು, ಎದುರಿಗೆ ಅಗಲವಾದ ಸರೋವರ. ಬಾಡಿಗೆ ಮನೆಯ ಮೆಟ್ಟಿಲಿಳಿದರೆ ಬೇಕರಿ, ಎರಡು ಬಾಗಿಲಾಚೆ ಎರ್ಸೀಲಿಯ ಎಂಬಾಕೆಯ ಊಟದ ಮನೆ. ಮೊದಲ ದಿನ ಮಗಳು ಬೇಕರಿಯಿಂದ ದೊಡ್ಡ ಬ್ರೆಡ್ ತಂದು, ಮೇಜಿನ ಆ ತುದಿಯಲ್ಲಿ ಕೂತು, ಎರಡು ದಪ್ಪ ಹೋಳು ಕತ್ತರಿಸಿ ತಿಂದಳು. ಸಂಜೆ ಮತ್ತೆ ಎರಡು. ಆಮೇಲೆ ಹೊಟ್ಟೆ ಹಿಡಿದುಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಬಾಗಿಲ ಸಂದಿಯಿಂದ ನೋಡಿದ ಅಟ್ರಾಕ್ಟಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಅಲ್ಲ, ತಿಂದರೆ ನೋಯುತ್ತದೆ ಎಂದು ಗೊತ್ತಿದ್ದೂ ತಿನ್ನುತ್ತಾಳಲ್ಲ ಈ ಹಟಮಾರಿ! ನನ್ನ ಎದುರಿಗೇ, ನನಗೆ ತೋರಿಸಲೆಂದೇ ತಿನ್ನುತ್ತಾಳೆ. ಹೇಳುವಂತಿಲ್ಲ, ಬಿಡುವಂತಿಲ್ಲ. ಹೇಳಿದರೆ ಮತ್ತೆ ಐದು ತಿಂಗಳು ಮುಖ ತೋರಿಸುವುದಿಲ್ಲ.

ಮರುದಿನ ಮಗಳು ಏಳುವ ಮೊದಲೇ ಅಟ್ರಾಕ್ಟ ಹೊರಬಿದ್ದಳು. ಊರ ಔಷಧಿ ಅಂಗಡಿಯ ಒಂದು ಗೋಡೆ ಪೂರ್ತಿ ಗೋಧಿಯಿಲ್ಲದ ತಿನಿಸು. ತೆನೆಗೆ ಅಡ್ಡಗೆರೆ ಎಳೆದ ಗುರುತಿನ ಬ್ರೆಡ್ಡು, ಪಾಸ್ತಾ, ಬಿಸ್ಕತ್ತು, ಕೇಕು, ಏನುಂಟು ಏನಿಲ್ಲ! ಟ್ಯೂಮಿನಲ್ಲಿ ಸಿಗುವ ಇಟ್ಟಿಗೆಯಂಥ ಬ್ರೆಡ್ಡಲ್ಲ, ಒತ್ತಿದರೆ ಮೆತ್ತಗೆ ತಗ್ಗುವ ಬ್ರೆಡ್ಡು. ಅದನ್ನು ಕೈಯಲ್ಲಿ ಹಿಡಿದು ನಿಂತವಳ ತಲೆಯೊಳಗೆ ಆ ಯೋಚನೆ ಬಂದದ್ದು ಆಗಲೇ. ಇವಳಿಗೆ ಗೊತ್ತಾಗುವುದಾದರೂ ಹೇಗೆ?

ಒಂದು ಮಾತು ಹೇಳಿಬಿಡುತ್ತೇನೆ, ಅವಳಿಗೆ ತಿಳಿದಿರಲಿಲ್ಲ ಎಂದು ಯಾರೂ ಅವಳ ಪರ ವಾದಿಸುವುದು ಬೇಡ. ಪರೀಕ್ಷೆಗೆ ಮೊದಲು ಗೋಧಿ ಬಿಡಬಾರದು, ಬಿಟ್ಟರೆ ಕರುಳು ಚೇತರಿಸಿಕೊಳ್ಳತೊಡಗಿ ರೋಗ ಕಣ್ಣು ತಪ್ಪಿಸಿಬಿಡುತ್ತದೆ, ಇದು ಸೀಲಿಯಾಕ್ ಇರುವವರಿಗೆಲ್ಲ ಗೊತ್ತು. ಅಟ್ರಾಕ್ಟಳೇ ಕುರ್ಚಿಯಲ್ಲಿ ಕೂತ ಎಷ್ಟು ಗಿರಾಕಿಗಳಿಗೆ "ಡಾಕ್ಟರು ನೋಡೋ ತನಕ ಬ್ರೆಡ್ ಬಿಡಬೇಡ್ರೀ, ಕೆಟ್ಟೀರಿ" ಎಂದು ಹೇಳಿಲ್ಲ! ಅವಳ ಲೆಕ್ಕಾಚಾರವೇ ಬೇರೆ. ಪರೀಕ್ಷೆಗೆ ಹೋಗುವವಳಾದರೆ ತಾನೇ ಆ ಮಾತು? ಇವಳು ಜನ್ಮದಲ್ಲಿ ಹೋಗುವವಳಲ್ಲ. ಒಂದು ಸಲ ಮೈ ಹಗುರವಾಗಲಿ, ಒಂದು ಸಲ ನೋವಿಲ್ಲದ ದಿನ ಹೇಗಿರುತ್ತದೆಂದು ಕಾಣಲಿ, ಆಮೇಲೆ ತಾನೇ ಬಂದು ಕೇಳುತ್ತಾಳೆ.

ಬೇಕರಿಗೆ ಹೋಗಿ ಒಂದು ಬ್ರೆಡ್ ಕೊಂಡಳು. ಬೇಕಾದದ್ದು ಬ್ರೆಡ್ಡಲ್ಲ, ಅದರ ಕಾಗದದ ಚೀಲ. ಗೋಧಿ ಬ್ರೆಡ್ಡನ್ನು ಸರೋವರದ ಬಾತುಗಳಿಗೆ ಹಾಕಿ, ಅಲ್ಲೇ ನೀರಿನಲ್ಲಿ ಕೈ ತೊಳೆದು, ಚೀಲ ಕೊಡವಿ, ಒಳಗೆ ಔಷಧಿ ಅಂಗಡಿಯ ಬ್ರೆಡ್ ಇಟ್ಟಳು. ಮನೆಗೆ ಬರುವಷ್ಟರಲ್ಲಿ ಫಿನೂಲ ಎದ್ದಿದ್ದಳು.

"ಅಮ್ಮ, ಬ್ರೆಡ್ ಇದೆಯಾ?"

"ಇದೋ, ಬಿಸಿಬಿಸಿ."

ಫಿನೂಲ ಒಂದು ಹೋಳು ಕಚ್ಚಿ ಹುಬ್ಬು ಗಂಟಿಕ್ಕಿದಳು. "ಇದ್ಯಾಕೋ ಪುಡಿಪುಡಿ. ನಿನ್ನೆ ಹೀಗಿರಲಿಲ್ಲ."

"ಈ ಕಡೆ ಬ್ರೆಡ್ಡಿಗೆ ಉಪ್ಪು ಹಾಕಲ್ವಂತೆ ಕಣೇ. ಅದಕ್ಕೇ."

ಉಪ್ಪು ಹಾಕುವುದಿಲ್ಲ ಎನ್ನುವುದು ನಿಜ. ಪುಡಿಯಾಗುವುದಕ್ಕೂ ಉಪ್ಪಿಗೂ ಏನು ಸಂಬಂಧವೋ ದೇವರೇ ಬಲ್ಲ. ಫಿನೂಲ ಎರಡನೆಯ ಹೋಳನ್ನೂ ತಿಂದಳು. ರುಚಿಗಲ್ಲ, ಗುಳಿಗೆ ನುಂಗುವವರ ಹಾಗೆ, ಹಾಲಿನ ಜೊತೆ ಗುಟುಕರಿಸಿ. ಅಮ್ಮ ಅದನ್ನು ಗಮನಿಸಿದಳು. ಏಕೆ ಹಾಗೆ ಎಂದು ಕೇಳಲಿಲ್ಲ.

ಎರ್ಸೀಲಿಯಳನ್ನು ಒಲಿಸಿಕೊಳ್ಳುವುದು ಸುಲಭವಾಯಿತು. ಅರವತ್ತು ದಾಟಿದ ಗುಂಡು ಹೆಂಗಸು, ಹರೆಯದಲ್ಲಿ ಎಂಟು ವರ್ಷ ಇಂಗ್ಲೆಂಡಿನ ಒಂದು ಇಟ್ಟಿಗೆ ಭಟ್ಟಿಯ ಕ್ಯಾಂಟೀನಿನಲ್ಲಿ ದುಡಿದು ಬಂದವಳು, ಇಂಗ್ಲಿಷ್ ಮಾತು ಬಲ್ಲವಳು. ಅಟ್ರಾಕ್ಟ ಇಟಲಿಯ ಭಾಷೆಯಲ್ಲಿ ಅಚ್ಚು ಹಾಕಿಸಿದ್ದ ತನ್ನ ಕಾಯಿಲೆಯ ಚೀಟಿಯನ್ನು ಚಾಚಿದರೆ ಆಕೆ ಓದಲೂ ಇಲ್ಲ.

"ಇಡಿ ಒಳಗೆ ಅದನ್ನ. ನನ್ನ ಮೊಮ್ಮಗಳಿಗೂ ಅದೇ. ಬೇರೆ ಒಲೆ, ಬೇರೆ ಪಾತ್ರೆ, ಎಲ್ಲ ಇದೆ. ನಿಮಗೊಬ್ಬರಿಗೇನಾ?"

"ಮಗಳಿಗೂ. ಆದ್ರೆ ಅವಳಿಗೆ ಗೊತ್ತಾಗೋ ಹಾಗಿಲ್ಲ. ಮಾಮೂಲಿ ಪಾಸ್ತಾ ಅಂತಲೇ ತಂದಿಡಿ."

ಎರ್ಸೀಲಿಯ ಸೌಟು ಕೆಳಗಿಟ್ಟಳು. "ಯಾಕ್ರೀ ಅಮ್ಮಾವ್ರೆ? ಅವಳಿಗೆ ಪರೀಕ್ಷೆ ಆಗಿದೆಯಲ್ಲ?"

"ಆಗಿದೆ" ಎಂದಳು ಅಟ್ರಾಕ್ಟ. "ಅದೇ, ಮನಸ್ಸಿಗೆ ಹಚ್ಕೊಂಡಿದಾಳೆ. ನಾಲ್ಕು ಜನರ ಎದುರಿಗೆ ನಾಚಿಕೆ ಅವಳಿಗೆ."

ಸುಳ್ಳು ಬಾಯಿಂದ ಜಾರಿತು, ಆಕೆ ನಂಬಿದಳು. ಅಂದಿನಿಂದ ಮಧ್ಯಾಹ್ನದ ಊಟ ಅಲ್ಲೇ, ಎರಡೂ ತಟ್ಟೆ ಗೋಧಿಯಿಲ್ಲದ್ದೇ; ರಾತ್ರಿ ಮನೆಯಲ್ಲಿ ಔಷಧಿ ಅಂಗಡಿಯ ಪಾಸ್ತಾ.

ಸುಳ್ಳು ಹೇಳುವುದೇನೋ ಸುಲಭ, ಕಾಯುವುದು ಕಷ್ಟ. ರಜಕ್ಕೆ ಬಂದವಳಿಗೆ ಒಂದು ಗಳಿಗೆ ನೆಮ್ಮದಿಯಿಲ್ಲ. ಫಿನೂಲ ಐಸ್‌ಕ್ರೀಮಿಗೆ ಹೋದರೆ ಇವಳು ಹಿಂದೆಯೇ ಓಡಿ, "ಕಪ್ಪಿನಲ್ಲಿ ತಗೋ, ಕೋನು ಸೋರುತ್ತೆ" ಎನ್ನುವಳು. ಬಿಯರ್ ಎಂದರೆ, "ಇಟಲಿಗೆ ಬಂದು ಬಿಯರಾ? ವೈನ್ ಕುಡಿ." ಕಾಫಿಯ ತಟ್ಟೆಯಲ್ಲಿ ಬಿಸ್ಕತ್ತು ಬಂದರೆ ಮಗಳ ಕೈ ಮುಟ್ಟುವ ಮೊದಲೇ ಇವಳ ಕೈಚೀಲದೊಳಗೆ ಮಾಯ. ಬಾತುಗಳಿಗಂತೂ ಸುಗ್ಗಿ, ಇವಳು ದಡಕ್ಕೆ ಬಂದರೆ ಸಾಕು ಸಾಲುಗಟ್ಟಿ ಬರುತ್ತಿದ್ದವು. ಒಂದು ಮಧ್ಯಾಹ್ನ ಫಿನೂಲ, "ಒಬ್ಳೇ ಒಂದು ಸುತ್ತು ಹೋಗಿ ಬರ್ತೀನಿ" ಎಂದದ್ದೇ ತಡ, ಇವಳೂ ಎದ್ದಳು. ದಾರಿಯಲ್ಲಿ ಮೂರು ಪಿಜ್ಜಾ ಅಂಗಡಿಗಳಿವೆ! ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟಳು.

"ಅಮ್ಮ, ನೀನೇನು ನನ್ನ ನೆರಳಾ?"

"ನಂಗೂ ಗಾಳಿ ಬೇಡ್ವಾ?"

"ಮನೆ ತುಂಬ ಗಾಳಿ ಇದೆ."

"ಆ ಗಾಳಿ ಬೇರೆ, ಈ ಗಾಳಿ ಬೇರೆ."

ಫಿನೂಲ ನಕ್ಕುಬಿಟ್ಟಳು, ಅಮ್ಮನ ತೋಳಿಗೆ ತೋಳು ಸೇರಿಸಿ ನಡೆದಳು. ಆ ನಗುವನ್ನು ಕಂಡು ಅಟ್ರಾಕ್ಟಳಿಗೆ ಸಂತೋಷವೂ ಆಯಿತು, ಒಳಗೊಳಗೇ ಪಿಚ್ಚೆನಿಸಿತು ಕೂಡ. ಮಗಳಿಗೆ ಮೋಸ ಮಾಡುತ್ತಾ ಮಗಳ ತೋಳು ಹಿಡಿದಿದ್ದೇನಲ್ಲ ಎಂದು.

ಐದನೆಯ ದಿನ ತುಟಿಯ ಹುಣ್ಣು ಮಾಯತೊಡಗಿತು. ಆರನೆಯ ದಿನ ಹೊಟ್ಟೆಯುಬ್ಬರ ಇಳಿದು ಸೊಂಟದ ಗುಂಡಿ ಸಲೀಸಾಗಿ ಸೇರಿತು. ಏಳನೆಯ ದಿನ ಫಿನೂಲ ಈಜಿದಳು, ಬಂದು ಹುಲ್ಲಿನ ಮೇಲೆ ಮಲಗಿದಳು, ನಾಲ್ಕು ವರ್ಷದಲ್ಲಿ ಮೊದಲ ಸಲ ಕೆನ್ನೆಗೆ ಬಣ್ಣ ಬಂದಿತ್ತು. ಅಟ್ರಾಕ್ಟಳಿಗೆ ಎದ್ದು ಕುಣಿಯಬೇಕು ಅನ್ನಿಸಿತು. ಗೆದ್ದೆ! ಡಾಕ್ಟರು ಬೇಡ, ಯಂತ್ರ ಬೇಡ, ಬರೀ ಕೈಯಲ್ಲಿ ನನ್ನ ಮಗಳ ರೋಗ ಹಿಡಿದೆ. ಹೇಳಬೇಕು, ಈಗಲೇ ಹೇಳಬೇಕು. ಬೇಡ, ಇನ್ನೆರಡು ದಿನ ಹೋಗಲಿ, ಇನ್ನೂ ಗಟ್ಟಿಯಾಗಲಿ. ಬ್ರೆಡ್ಡು, ಪಾಸ್ತಾದ ಖಾಲಿ ಹೊದಿಕೆಗಳನ್ನು ಸಾಕ್ಷಿಗೆಂದು ಮಡಚಿ ಮಡಚಿ ಕೈಚೀಲದಲ್ಲಿ ಸೇರಿಸುತ್ತಿದ್ದಳು.

ಹತ್ತನೆಯ ದಿನದ ಊಟ. ಮರುದಿನ ಬೆಳಿಗ್ಗೆ ವಿಮಾನ. ಎರ್ಸೀಲಿಯಳ ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಫಿನೂಲ ತಟ್ಟೆ ಬರಿದು ಮಾಡಿ ಹಿಂದಕ್ಕೊರಗಿದಳು.

"ಅಮ್ಮ, ಈ ಊರಿನ ನೀರಲ್ಲಿ ಏನೋ ಇದೆ ಕಣೇ. ಇಷ್ಟು ಬ್ರೆಡ್ಡು, ಇಷ್ಟು ಪಾಸ್ತಾ ತಿಂದ್ರೂ ಹೊಟ್ಟೆ ಒಂದು ಮಾತಾಡ್ಲಿಲ್ಲ. ನಂಗೇನೂ ಇಲ್ವೇನೋ ಅನ್ನಿಸ್ತಿದೆ."

ಇನ್ನು ತಡೆಯುವುದುಂಟೇ? ಅಟ್ರಾಕ್ಟ ಕೈಚೀಲ ಬಿಚ್ಚಿ ಹೊದಿಕೆಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. ಒಂದೊಂದನ್ನೂ ಬಿಡಿಸಿ, ಅಂಗೈಯಲ್ಲಿ ನೇವರಿಸಿ, ಮಗಳ ಕಡೆ ತಳ್ಳಿದಳು.

"ನೀರೂ ಅಲ್ಲ, ಗಾಳಿಯೂ ಅಲ್ಲ. ನೀನು ಗೋಧಿ ತಿಂದಿದ್ರೆ ತಾನೇ ಹೊಟ್ಟೆ ಮಾತಾಡೋದು? ನೋಡು, ಎಲ್ಲಾ ನಂದೇ ಬ್ರೆಡ್ಡು. ಪಾಸ್ತಾನೂ ನಂದೇ. ಒಂಬತ್ತು ದಿನ! ನಾನು ಹೇಳಿದ್ದು ನಿಜ ಅಂತ ಈಗಾದ್ರೂ ಒಪ್ತೀಯಾ? ಮೈ ನೋಡ್ಕೋ, ಮುಖ ನೋಡ್ಕೋ!"

ಫಿನೂಲ ಒಂದು ಹೊದಿಕೆಯನ್ನೆತ್ತಿ ಓದಿದಳು. ಕೆನ್ನೆಯ ಬಣ್ಣ ಇಳಿದುಹೋಯಿತು. ಕೂಗುತ್ತಾಳೆ, ಎದ್ದು ಹೋಗುತ್ತಾಳೆ ಎಂದು ಅಟ್ರಾಕ್ಟ ಕಾದಳು. ಅವಳು ಮೆಲ್ಲಗೆ ಕೇಳಿದಳು, "ಬಂದಾಗಿಂದ್ಲೂನಾ?"

"ಮೊದಲನೇ ದಿನ ಬಿಟ್ಟು."

"ಒಂದು ಹೊತ್ತೂ ಗೋಧಿ ಇರಲಿಲ್ವಾ?"

"ಒಂದು ಚೂರೂ ಇಲ್ಲ" ಎಂದಳು ಅಟ್ರಾಕ್ಟ. ಆ ಮಾತಿನಲ್ಲಿ ಇನ್ನೂ ಹೆಮ್ಮೆಯಿತ್ತು.

"ಅಮ್ಮ, ಬರೋ ಗುರುವಾರ ನಂಗೆ ಆಸ್ಪತ್ರೇಲಿ ಪರೀಕ್ಷೆ ಇದೆ."

ಅಟ್ರಾಕ್ಟಳ ಕೈ ಹೊದಿಕೆಗಳ ಮೇಲೇ ನಿಂತಿತು.

"ಕ್ರಿಸ್ಮಸ್ಸಲ್ಲಿ ನೀನು ಹೇಳಿದ್ಯಲ್ಲ, ಜನವರಿಲೇ ಹೋದೆ. ರಕ್ತದಲ್ಲಿ ಹೌದೂ ಅಲ್ಲ, ಇಲ್ಲಾನೂ ಅಲ್ಲ ಅನ್ನೋ ಹಾಗೆ ಬಂತು. ಕರುಳಿನ ಚೂರು ತೆಗೆದು ನೋಡಬೇಕು, ಅಲ್ಲಿ ತನಕ ದಿನಾ ಎರಡು ಹೊತ್ತು ಗೋಧಿ ತಿನ್ನಲೇಬೇಕು ಅಂದ್ರು. ಆವತ್ತಿಂದ ತಿಂತಾ ಇದೀನಿ. ನೋವು ತಿಂದು ತಿಂದು ಸಾಕಾಗಿತ್ತು. ಹೇಗೂ ಕೊನೇ ಸಲ ಗೋಧಿ ತಿನ್ನೋದಾದ್ರೆ ಇಟಲೀಲಿ ತಿನ್ನೋಣ, ನಿನ್ನ ಜೊತೆ ತಿನ್ನೋಣ ಅಂತ ಕರ್ಕೊಂಡು ಬಂದೆ."

"ನಂಗ್ಯಾಕೆ ಹೇಳಲಿಲ್ಲ?" ಎಂದಳು ಅಟ್ರಾಕ್ಟ.

"ಹೇಳಿದ್ರೆ ಟ್ಯೂಮಲ್ಲಿ ಎಲ್ಲರಿಗೂ ಗೊತ್ತಾಗ್ತಿತ್ತು. ಅದೂ ಒಂದು." ಫಿನೂಲ ಹೊದಿಕೆಯನ್ನು ಸಣ್ಣಗೆ ಮಡಚುತ್ತಿದ್ದಳು. "ಇದೆ ಅಂತ ಬಂದ್ರೆ ನನ್ನ ರಕ್ತದಿಂದ ಬಂತು ಅಂತ ನೀನು ಅಳ್ತೀಯ. ಇಲ್ಲ ಅಂತ ಬಂದ್ರೆ ಆ ಎರಡು ಮಕ್ಕಳು ಯಾಕೆ ಹೋದ್ವು ಅಂತ ನಂಗೆ ಗೊತ್ತೇ ಆಗಲ್ಲ. ಏನು ಬರುತ್ತೋ ನೋಡಿ, ಆಮೇಲೆ ಹೇಳೋಣ ಅಂತಿದ್ದೆ."

ಪಾತ್ರೆ ತೆಗೆಯಲು ಬಂದ ಎರ್ಸೀಲಿಯ ಎಲ್ಲವನ್ನೂ ಕೇಳಿಸಿಕೊಂಡಳು. ಅಟ್ರಾಕ್ಟಳ ಮುಖವನ್ನೇ ನೋಡಿದಳು. "ಪರೀಕ್ಷೆ ಆಗಿದೆ ಅಂದ್ರಲ್ಲ ಅಮ್ಮಾವ್ರೆ" ಎಂದಳು. ತಟ್ಟೆಗಳನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಅಟ್ರಾಕ್ಟಳಿಗೆ ಬೈಸಿಕೊಂಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಫಿನೂಲ ಅಲ್ಲೇ ಕೂತು ಆಸ್ಪತ್ರೆಗೆ ಫೋನು ಮಾಡಿದಳು. ನರ್ಸು ಒಳ್ಳೆಯ ಹುಡುಗಿ, ತಾಳ್ಮೆಯಿಂದ ಮಾತಾಡಿದಳು. ಒಂಬತ್ತು ದಿನದಲ್ಲಿ ಹುಣ್ಣೇ ಮಾಯುವಷ್ಟು ಗುಣವಾಗಿದೆಯೆಂದರೆ ಗುರುವಾರ ನೋಡಿ ಏನೂ ಇಲ್ಲ ಎಂದು ತಪ್ಪು ಹೇಳಿಬಿಡುವ ಭಯವಿದೆ; ಮೊದಲಿನಿಂದ ಆರು ವಾರ ಗೋಧಿ ತಿಂದು ಬನ್ನಿ, ಒಂದು ದಿನವೂ ತಪ್ಪಿಸಬೇಡಿ, ಮಗುವಿನ ವಿಚಾರವನ್ನು ಅಲ್ಲಿ ತನಕ ಮುಂದಕ್ಕೆ ಹಾಕಿ. ಫಿನೂಲ "ಸರಿ, ಸರಿ" ಎನ್ನುತ್ತಿದ್ದಳು. ಫೋನಿಟ್ಟ ಮೇಲೆ ಸರೋವರದ ಕಡೆ ನೋಡುತ್ತಾ ಕೂತಳು.

"ನಾನು ಎಂಥ ಕೆಲಸ ಮಾಡಿದೆನೇ" ಎಂದಳು ಅಟ್ರಾಕ್ಟ. "ನಿಂಗೆ ನೋವಾಗೋದನ್ನ ನೋಡಕ್ಕಾಗ್ಲಿಲ್ಲ, ಅದಕ್ಕೇ..."

"ಗೊತ್ತು. ಇನ್ನು ಆರು ವಾರ ನೋಡು." ಫಿನೂಲ ಕಣ್ಣೊರಸಿಕೊಂಡಳು. "ಡೆಕ್ಲನ್ ಕೈಲಿ ಆಗಲ್ಲ ಇದು. ನಾನು ಒಂದು ಸಲ ಅತ್ರೆ ಸಾಕು, ಬ್ರೆಡ್ ಎತ್ತಿ ಕಸಕ್ಕೆ ಹಾಕ್ತಾನೆ. ನಿನ್ನ ಮನೇಲಿ ಇರ್ತೀನಿ. ತಪ್ಪಿಸಿದವಳು ನೀನು, ಕೊಡೋಳೂ ನೀನೇ."

ಹಾಗೆ ಟ್ಯೂಮಿಗೆ ಬಂದ ಮೇಲೆ ಅಟ್ರಾಕ್ಟಳ ಮನೆಯೊಳಗೆ ಇಪ್ಪತ್ತಮೂರು ವರ್ಷದ ನಂತರ ಗೋಧಿ ಬಂತು. ಪಾರ್ಲರಿನಲ್ಲಿ ಒಬ್ಬರಿಗೂ ಅವಳು ಈ ವಿಷಯ ಹೇಳಲಿಲ್ಲ. "ಇಟಲಿ ಹೇಗಿತ್ತು ಅಟ್ರಾಕ್ಟ?" ಎಂದರೆ "ಚೆನ್ನಾಗಿತ್ತು, ಬಿಸಿಲು" ಎಂದು ಕತ್ತರಿ ಆಡಿಸುವಳು. ಬೆಳಿಗ್ಗೆ ಒಮ್ಮೆ, ಅಂಗಡಿ ಮುಚ್ಚಿ ಬಂದ ಮೇಲೆ ಒಮ್ಮೆ, ರಬ್ಬರ್ ಕೈಗವಸು ಹಾಕಿಕೊಂಡು ಎರಡು ಹೋಳು ಕತ್ತರಿಸುವಳು. ಆಮೇಲೆ ಮೇಜು, ಚಾಕು, ಬಾಗಿಲ ಹಿಡಿ ಎಲ್ಲವನ್ನೂ ಮೂರು ಮೂರು ಸಲ ಒರೆಸುವಳು. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಹುಣ್ಣು ಮತ್ತೆ ಎದ್ದಿತು. ಮೂರನೆಯ ವಾರ ಫಿನೂಲ ಮೆಟ್ಟಿಲ ಮಧ್ಯೆ ಕೂತುಬಿಡುತ್ತಿದ್ದಳು. ಅಟ್ರಾಕ್ಟ ಬಿಸಿನೀರಿನ ಚೀಲ ತಂದುಕೊಟ್ಟು, ಪಕ್ಕದಲ್ಲಿ ಕೂರಲಾರದೆ, ಹಿತ್ತಲಿಗೂ ಅಡುಗೆಮನೆಗೂ ಓಡಾಡುವಳು.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಫಿನೂಲ ತಟ್ಟೆಯನ್ನು ದೂರ ತಳ್ಳಿದಳು. ರಾತ್ರಿಯೆಲ್ಲ ನಿದ್ದೆಯಿರಲಿಲ್ಲ, ಕಣ್ಣು ಗುಳಿ ಬಿದ್ದಿತ್ತು.

"ಅಮ್ಮ, ಇವತ್ತು ಬೇಡ. ಒಂದೇ ಒಂದಿನ. ದಮ್ಮಯ್ಯ. ನಿನ್ನ ಬ್ರೆಡ್ಡೇ ಕೊಡು."

ಎಷ್ಟು ತಿಂಗಳು ಕಾದಿದ್ದಳು ಈ ಮಾತಿಗೆ! ಅಟ್ರಾಕ್ಟ ಎದ್ದಳು. ತನ್ನ ಬ್ರೆಡ್ ಇದ್ದ ಕಪಾಟಿನ ತನಕ ಹೋದಳು. ಹಿಡಿಯ ಮೇಲೆ ಕೈಯಿಟ್ಟು ಅಲ್ಲೇ ನಿಂತಳು. ತೆಗೆದುಕೊಟ್ಟುಬಿಡಲೇ, ಒಂದು ದಿನಕ್ಕೆ ಏನಾದೀತು, ಯಾರಿಗೆ ಗೊತ್ತಾದೀತು ಎಂದು ಅವಳ ಜೀವವೆಲ್ಲ ಕೂಗುತ್ತಿತ್ತು. ಕೈ ತೆಗೆದಳು. ತಿರುಗಿ ಬಂದು ಮಗಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು. ಕೈಗವಸು ಹಾಕಿಕೊಳ್ಳುವುದೂ ನೆನಪಾಗಲಿಲ್ಲ. ಬರಿಗೈಯಲ್ಲೇ ಗೋಧಿ ಬ್ರೆಡ್ ಮುರಿದು, ಬೆಣ್ಣೆ ಸವರಿ, ಫಿನೂಲಳ ಬಾಯಿಯ ಹತ್ತಿರ ಹಿಡಿದಳು.

"ಆಗಲ್ಲ ಅಮ್ಮ."

"ಆಗುತ್ತೆ. ಬಾಯಿ ತೆಗಿ."

ಫಿನೂಲ ಅಳುತ್ತಾ ಬಾಯಿ ತೆರೆದಳು, ಅಳುತ್ತಾ ಅಗಿದಳು. ಅಟ್ರಾಕ್ಟ ಅವಳ ಬೆನ್ನು ಸವರುತ್ತಾ ನುಂಗುವ ತನಕ ಕಾದಳು. ಆಮೇಲೆ ತಟ್ಟೆ ನೋಡಿದಳು.

"ಇನ್ನೊಂದು ತುಂಡು ಉಳಿದಿದೆ ಮಗಳೇ" ಎಂದಳು. "ತಿನ್ನು."